ಗೆರಟೆಯ ಗ್ಯಾಸಿನಲ್ಲಿ ಓಡಿದ ಮಿಲ್ಲು

ಆ ಗ್ಯಾಸ್ ಇಂಜಿನಿಗೆ ನಾನು ತೆತ್ತದ್ದು ಒಂಬೈನೂರ ಐವತ್ತು ರೂಪಾಯಿ, ಮೇಲಿಂದ ನಲುವತ್ತು ಖಾಲಿ ಚಿಮಿಣಿ ಎಣ್ಣೆ ಡಬ್ಬಿ. ಮಾರುವವನು ಕಣ್ಣಾನೂರಿನ ಕಡೆ ನೇಯ್ಗೆಯ ಶೆಡ್ಡು ನಡೆಸಿ ಮುಚ್ಚಿದವ. ಸಾವಿರದಿಂದ ಒಂದು ಕಾಸೂ ಇಳಿಯುವುದಿಲ್ಲವೆಂದು ಕೂತಿದ್ದ. ನಾನು ಎರಡು ದಿನ ಅವನ ಜಗಲಿಯಲ್ಲೇ ಕೂತು, ಅವನದೇ ಚಹಾ ಕುಡಿದು, ಐವತ್ತು ರೂಪಾಯಿಯ ಜಾಗದಲ್ಲಿ ಡಬ್ಬಿಗಳನ್ನು ಕೂರಿಸಿದೆ. ಯುದ್ಧದ ಆ ವರ್ಷಗಳಲ್ಲಿ ತುಂಬಿದ ಡಬ್ಬಿಗಿಂತ ಖಾಲಿ ಡಬ್ಬಿಗೇ ಮರ್ಯಾದೆ ಹೆಚ್ಚು. ತುಂಬಿದ್ದನ್ನು ಕಂಡವರು ಯಾರಿದ್ದರು?

ಅಷ್ಟು ಕೊಡಲು ಕಾರಣ, ಆ ಇಂಜಿನು ಎಣ್ಣೆ ಕೇಳುತ್ತಿರಲಿಲ್ಲ. ಅದರ ಪಕ್ಕದಲ್ಲಿ ಆಳೆತ್ತರದ ಒಂದು ಕಬ್ಬಿಣದ ಒಲೆ. ಮೇಲಿನಿಂದ ತೆಂಗಿನ ಗೆರಟೆ ಸುಟ್ಟ ಇದ್ದಿಲು ಸುರಿಯುವುದು, ಕೆಳಗಿನಿಂದ ಬೆಂಕಿ ಕೊಡುವುದು, ಗಾಳಿಯನ್ನು ಜಿಪುಣನ ಹಾಗೆ ಅಳೆದು ಬಿಡುವುದು. ಹಾಗೆ ಪೂರ್ತಿ ಉರಿಯಲು ಬಿಡದೆ ಸತಾಯಿಸಿದ ಇದ್ದಿಲಿನಿಂದ ಒಂದು ಗ್ಯಾಸು ಹುಟ್ಟುತ್ತದೆ. ಅದನ್ನು ನೀರಿನಲ್ಲಿ ತಣಿಸಿ ಇಂಜಿನಿಗೆ ಎಳೆದುಕೊಂಡರೆ ಚಕ್ರ ತಿರುಗುತ್ತದೆ. ಚಕ್ರಕ್ಕೆ ಬೆಲ್ಟು ಹಾಕಿದರೆ ಭತ್ತ ಅಕ್ಕಿಯಾಗುತ್ತದೆ. ಇದನ್ನೆಲ್ಲ ಮನೆಯಲ್ಲಿ ವಿವರಿಸಿದಾಗ ನನ್ನ ಹೆಂಡತಿ ಹೂಂ ಹೂಂ ಎಂದು ಕೇಳಿದಳು. ಒಲೆ ಉರಿಸಿ ಹೊಗೆಯಲ್ಲಿ ಸಂಸಾರ ನಡೆಸಲು ಹೊರಟ ಗಂಡಸು ಈ ಮಾಗಣೆಯಲ್ಲಿ ಇವರೊಬ್ಬರೇ ಎಂದು ನೆರೆಮನೆಯಲ್ಲಿ ಹೇಳಿದಳೆಂದು ಆಮೇಲೆ ಗೊತ್ತಾಯಿತು.

ಎಣ್ಣೆಯ ಸಂಗತಿ ನನಗೆ ತಿಳಿಯದ್ದಲ್ಲ. ನಾನು ಬಾಳು ಶುರುಮಾಡಿದ್ದೇ ಖಾಲಿ ಡಬ್ಬಿಯಿಂದ. ಮಂಗಳೂರಿನಲ್ಲಿ ಕೊಂಡು, ಬಾಯಿ ಕತ್ತರಿಸಿ, ಅಡ್ಡಕ್ಕೊಂದು ಮರದ ಹಿಡಿ ಹೊಡೆದು, ನೀರು ಸೇದುವ ಡಬ್ಬಿಯೆಂದು ನಮ್ಮೂರು ಶಿರಿಯದಿಂದ ಕಾಸರಗೋಡಿನವರೆಗೆ ಮಾರಿದವನು. ಹಾಗಾಗಿ ಯಾವ ಊರಿನಲ್ಲಿ ಎಣ್ಣೆ ಹೇಗೆ ಇಳಿಯುತ್ತದೆ, ಹೇಗೆ ಆವಿಯಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೆ. ಮಂಗಳೂರಿನ ಬಂದರಿನಲ್ಲಿ ಡಬ್ಬಿ ತುಂಬಿರುತ್ತಿತ್ತು, ಎರಡೆರಡು ಡಬ್ಬಿಗೆ ಒಂದು ಮರದ ಪೆಟ್ಟಿಗೆ. ಪೆಟ್ರೋಲಿಗೆ ಕೈಯಿಂದ ಒತ್ತುವ ಪಂಪು, ಅದರ ತಲೆಯ ಮೇಲೆ ಗಾಜಿನ ಪಾತ್ರೆ, ಪಾತ್ರೆಯ ಮೇಲೆ ಗ್ಯಾಲನ್ನಿನ ಗೆರೆ. ಕಾರಿನವರು ಇಳಿದು ನಿಂತು ಗೆರೆ ನೋಡುವುದೇ ಒಂದು ದೊಡ್ಡಸ್ತಿಕೆ. ಅದೇ ಎಣ್ಣೆ ರೈಲು ಹತ್ತಿ ಕಾಸರಗೋಡಿಗೆ ಬರುವಾಗ ಡಬ್ಬಿ ಸ್ವಲ್ಪ ಹಗುರ. ಏನಾಯಿತೆಂದು ಕೇಳಿದರೆ ಬಿಸಿಲಿಗೆ ಹಾರಿತೆಂಬ ಉತ್ತರ. ನಮ್ಮ ಹೊಳೆಯ ದೋಣಿ ಕಡವು ದಾಟಿ ಹಳ್ಳಿಯ ಅಂಗಡಿಗೆ ಬರುವಾಗ ಅದು ಡಬ್ಬಿಯೂ ಅಲ್ಲ, ಬಾಟಲಿಯ ಲೆಕ್ಕ. ಅಲ್ಲಿ ಮಳೆಗಾಲದಲ್ಲೂ ಬಿಸಿಲಿಗೆ ಹಾರುತ್ತಿತ್ತು.

ಯುದ್ಧ ಬಂದ ಮೇಲೆ ಈ ಭೇದವೂ ಹೋಯಿತು. ಮಂಗಳೂರು, ಕಾಸರಗೋಡು, ಶಿರಿಯ, ಎಲ್ಲ ಕಡೆಯೂ ಸಮಾನವಾಗಿ ಇಲ್ಲ. ಕ್ರೂಡ್ ಎಣ್ಣೆಯ ಇಂಜಿನು ಇದ್ದವರು ಪರ್ಮಿಟ್ಟಿಗಾಗಿ ಕಛೇರಿಯ ಮೆಟ್ಟಿಲು ಸವೆಸುತ್ತಿದ್ದರು. ಅವರ ನಡುವೆ ನಾನು ಗೆರಟೆಯಿಂದ ಮಿಲ್ಲು ಓಡಿಸುತ್ತೇನೆಂದು ಹೊರಟದ್ದು. ತೆಂಗು ಬೆಳೆಯಲು ಸರಕಾರದ ಪರ್ಮಿಟ್ಟು ಬೇಡವಲ್ಲ.

ಇಂಜಿನು ಬಂತು, ಇಡಲು ಜಾಗ ಬೇಕು. ಹೊಳೆಯಿಂದ ಕೂಗಳತೆ ದೂರದಲ್ಲಿ ನಮ್ಮ ಊರಿನ ಧನಿಗಳದ್ದೊಂದು ಖಾಲಿ ಶೆಡ್ಡು ಇತ್ತು, ಅದನ್ನು ಕೇಳಿದೆ. ಚಾಲಗೇಣಿಗೆ ಕೊಡುತ್ತೇನೆಂದರು. ಚಾಲಗೇಣಿಯೆಂದರೆ ಧನಿಗಳ ಮನಸ್ಸು ಬದಲಾಗುವವರೆಗೆ ಜಾಗ ನಿಮ್ಮದು. ಧನಿಗಳ ಮನಸ್ಸಾದರೋ ಊಟಕ್ಕೊಮ್ಮೆ ಬದಲಾಗುತ್ತಿತ್ತು. ನಾನು ಮೂಲಗೇಣಿ ಕೇಳಿದೆ, ಮೊಮ್ಮಕ್ಕಳ ಕಾಲಕ್ಕೂ ಯಾರೂ ಎಬ್ಬಿಸಲಾಗದ್ದು. ಅವರು ನಕ್ಕು ಒಂದು ಷರತ್ತು ಹಾಕಿದರು. ಮುಂದಿನ ಸುಗ್ಗಿ ಮತ್ತು ಬೇಸಿಗೆಯ ಕೊಳಕೆ ಬೆಳೆಯಲ್ಲಿ ಅವರ ಕಣಜಕ್ಕೆ ಬರುವ ಭತ್ತವಷ್ಟೂ ಪತ್ತನಾಜೆಯೊಳಗೆ ಅಕ್ಕಿಯಾಗಬೇಕು. ಪತ್ತನಾಜೆ ನಮ್ಮ ತುಳುವರಿಗೆ ಬೇಶ ತಿಂಗಳ ಹತ್ತನೆಯ ದಿನ. ಆ ದಿನ ಭೂತಕೋಲ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತದೆ, ಆಮೇಲೆ ಮಳೆಯದ್ದೇ ರಾಜ್ಯ, ಭತ್ತ ಒಣಗುವುದಿಲ್ಲ. ಅಷ್ಟರೊಳಗೆ ಆದರೆ ಮೂಲಗೇಣಿಯ ಪತ್ರ. ಆಗದಿದ್ದರೆ ಇಂಜಿನು ಬಿಚ್ಚಿ ದೋಣಿಗೆ ಹಾಕಿ ಬಂದ ದಾರಿಯಲ್ಲಿ ಹೋಗುವುದು. ನಾನು ಒಪ್ಪಿದೆ. ಒಂಬೈನೂರ ಐವತ್ತು ಹಾಕಿದವನಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ, ಆದರೆ ದೊಡ್ಡ ಉಪಕಾರ ಮಾಡುವವನ ಹಾಗೆ ಸ್ವಲ್ಪ ಯೋಚಿಸಿ ಒಪ್ಪಿದೆ.

ಆಟಿ ತಿಂಗಳ ಮಳೆಯಲ್ಲಿ ಇಂಜಿನನ್ನು ಶೆಡ್ಡಿನಲ್ಲಿ ಕೂರಿಸಿದ್ದಾಯಿತು. ಇದ್ದಿಲಿಗೆ ಹೊಳೆಬದಿಯ ಒಬ್ಬಳು ಹೆಂಗಸನ್ನು ಗೊತ್ತುಮಾಡಿದೆ. ಗಂಡ ತೀರಿಹೋದವಳು. ಗುಂಡಿ ತೋಡಿ ಗೆರಟೆ ಸುಡುವುದರಲ್ಲಿ ಅವಳ ಕೈ ಪಳಗಿತ್ತು. ಕೆಂಡವಾದ ಗೆರಟೆಯನ್ನು ನೀರಿನಲ್ಲಿ ಆರಿಸಿ, ಒಣಗಿಸಿ, ಗೋಣಿ ತುಂಬಿ ಕೊಡುವುದು. ಗೋಣಿಗೆ ಇಷ್ಟು ಎಂದು ಅವಳು ಹೇಳಿದ ದರ ನ್ಯಾಯವಾದದ್ದೇ. ಆದರೆ ನ್ಯಾಯವಾದ ದರ ಕೊಟ್ಟರೆ ವ್ಯಾಪಾರಕ್ಕೆ ಏನು ಮರ್ಯಾದೆ? ಗೋಣಿಗೆ ಒಂದಾಣೆ ಹೆಚ್ಚು ಏಕೆಂದು ಕೇಳಿದೆ. ದಿಣ್ಣೆಯ ಮೇಲಿನ ಬಾವಿಯಿಂದ ನೀರು ಹೊತ್ತು ತರುವ ಕೂಲಿ ಎಂದಳು. ಹೊಳೆ ನಿನ್ನ ಹಿತ್ತಲಿನಲ್ಲೇ ತುಂಬಿ ಹರಿಯುತ್ತಿರುವಾಗ ಬಾವಿಯ ನೀರು ಯಾರ ಅಭಿಷೇಕಕ್ಕೆ ಎಂದು ಕೇಳಿ ಒಂದಾಣೆ ಕತ್ತರಿಸಿದೆ. ಅವಳು ಗೋಣಿ ಕೊಡವುತ್ತ, ನೀವು ಹೇಳಿದ ಹಾಗೆ ಎಂದಳು. ಆ ದಿನ ಮನೆಗೆ ಬಂದು ಎರಡು ತುತ್ತು ಹೆಚ್ಚು ಉಂಡೆ.

ಇಂಜಿನು ದೀಪಾವಳಿಯವರೆಗೆ, ಆಮೇಲೂ ಮೂರು ತಿಂಗಳು, ದೇವರ ಹಾಗೆ ಓಡಿತು. ಸುತ್ತಲಿನ ಎಣ್ಣೆ ಇಂಜಿನುಗಳೆಲ್ಲ ಬಾಯಿ ಮುಚ್ಚಿ ಕೂತಿದ್ದಾಗ ನನ್ನದೊಂದೇ ಟುಕ್ ಟುಕ್ ಅನ್ನುತ್ತಿತ್ತು. ನಾನು ಸಲಹೆ ಕೊಡಲು ಶುರುಮಾಡಿದೆ. ಕೇಳಿದವರಿಗೂ ಕೊಟ್ಟೆ, ಕೇಳದವರನ್ನು ಹುಡುಕಿಕೊಂಡು ಹೋಗಿಯೂ ಕೊಟ್ಟೆ.

ಮಕರ ಮುಗಿದು ಕುಂಭ ತಿಂಗಳು ಬಂತು. ಧನಿಗಳ ಅಂಗಳದಲ್ಲಿ ಭತ್ತ ಬೇಯಿಸಿ ಒಣಗಿಸಿ ಗಾಡಿಗಟ್ಟಲೆ ಕಳಿಸತೊಡಗಿದ ಹೊತ್ತಿಗೆ ಸರಿಯಾಗಿ ಇಂಜಿನು ಕೆಮ್ಮಿತು. ಒಂದು ಗಂಟೆ ಓಡುವುದು, ಉಸಿರು ಕಟ್ಟಿ ನಿಲ್ಲುವುದು. ಒಲೆ ಬಿಚ್ಚಿದರೆ ತಳದಲ್ಲಿ ಕಮ್ಮಾರನ ಕುಲುಮೆಯ ಕಿಟ್ಟದಂಥ, ಗಾಜಿನಂತೆ ಹೊಳೆಯುವ ಗಟ್ಟಿ. ಸುತ್ತಿಗೆಯಲ್ಲಿ ಒಡೆದು ತೆಗೆದು ಮತ್ತೆ ಬೆಂಕಿ ಹಾಕಿದರೆ ಮರುದಿನ ಮತ್ತೆ ಅಷ್ಟೇ. ಗ್ಯಾಸು ಬರುವ ಕೊಳವೆಯೊಳಗೆ ಬಿಳಿ ಹುಡಿ, ಇಂಜಿನಿನ ವಾಲ್ವುಗಳ ಮೇಲೆ ಸಿಡುಬಿನಂಥ ತೂತು. ಮುಡಿಗೆ ನಲುವತ್ತು ಸೇರಿನ ಆಸುಪಾಸಿನ ಲೆಕ್ಕದಲ್ಲಿ ದಿನಕ್ಕೆ ಇಪ್ಪತ್ತೈದು ಮುಡಿ ಅಕ್ಕಿ ಮಾಡುತ್ತಿದ್ದ ಮಿಲ್ಲು ನಾಲ್ಕಕ್ಕೆ ಇಳಿಯಿತು. ಗಾಡಿಗಳು ಬರುತ್ತಲೇ ಇದ್ದವು. ಭತ್ತದ ರಾಶಿ ಶೆಡ್ಡಿನ ಮಾಡು ಮುಟ್ಟುವುದನ್ನು ನೋಡುತ್ತ ನಾನು ಪತ್ತನಾಜೆಗೆ ಎಷ್ಟು ದಿನ ಉಳಿಯಿತೆಂದು ಬೆರಳು ಮಡಚುತ್ತಿದ್ದೆ.

ಮಂಗಳೂರಿಗೆ ಹೋದೆ. ಅಲ್ಲಿ ಇಂಜಿನು ಸಾಮಾನಿನ ಅಂಗಡಿಯವನೊಬ್ಬ ಗ್ಯಾಸ್ ಬಸ್ಸುಗಳ ರೋಗಕ್ಕೆ ಹೆಸರಾದ ವೈದ್ಯ. ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುವ ಬಸ್ಸುಗಳು ಆಗ ಮಂಗಳೂರಿನ ತುಂಬ ಇದ್ದವು. ಏರು ಬಂದಾಗ ಪ್ರಯಾಣಿಕರು ಟಿಕೇಟು ಕೊಟ್ಟು ತಳ್ಳುತ್ತಿದ್ದರು. ಆತ ನನ್ನ ಕಥೆ ಪೂರ್ತಿ ಕೇಳಲಿಲ್ಲ. ನಿಮ್ಮ ಇದ್ದಿಲು ಹಸಿ, ಒಣಗಿಸಿ ಎಂದ. ಈ ಬಿಸಿಲಿನಲ್ಲಿ ಹಸಿ ಎಲ್ಲಿಂದ ಬರಬೇಕೆಂದು ಕೇಳಿದೆ. ಮಳೆಗಾಲದಲ್ಲಿ ಎಲ್ಲ ಬಸ್ಸಿಗೂ ಇದೇ ರೋಗ, ಇದೇ ಮದ್ದು ಎಂದ. ನನ್ನದು ಮಳೆಗಾಲದಲ್ಲಿ ಚೆನ್ನಾಗಿ ಓಡಿ ಬೇಸಿಗೆಯಲ್ಲಿ ನಿಂತದ್ದು ಎಂದರೆ, ಹಾಗೆ ಆಗುವ ಕ್ರಮವಿಲ್ಲ ಎಂದುಬಿಟ್ಟ. ನನ್ನ ಇಂಜಿನಿಗೆ ಕ್ರಮ ಗೊತ್ತಿಲ್ಲವೆಂದು ಒಪ್ಪಿ ಮರಳಿದೆ. ಅಂಗಳದ ತುಂಬ ಇದ್ದಿಲು ಹರಡಿ ಒಣಗಿಸಿದೆ. ಕೋಳಿಗಳೆಲ್ಲ ಕಪ್ಪಾದವು. ಇಂಜಿನು ನಿಂತಲ್ಲೇ ನಿಂತಿತು.

ಆಮೇಲೆ ಕಲ್ಲಿಕೋಟೆಗೆ ಹೋದೆ. ಅಲ್ಲಿನ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ನನ್ನ ಇಂಜಿನಿನ ಅಣ್ಣನಂಥದ್ದು ಗೆರಟೆಯ ಇದ್ದಿಲಿನಲ್ಲೇ ಓಡುತ್ತಿತ್ತು, ಎರಡು ವರ್ಷದಿಂದ ಒಂದು ಕೆಮ್ಮೂ ಇಲ್ಲದೆ. ಅದರ ಮೇಸ್ತ್ರಿಗೆ ಗುಟ್ಟು ಕೇಳಿದೆ. ಗುಟ್ಟೆಂಥದ್ದು, ನಮ್ಮ ಮಲಬಾರಿನ ತೆಂಗು ಅಂಥದ್ದು, ನಿಮ್ಮ ಕಡೆಯದ್ದು ನೀರು ತೆಂಗು ಎಂದ. ನನಗೆ ಸಿಟ್ಟು ಬಂತು. ಆದರೂ ಪರೀಕ್ಷೆಗೆಂದು ಅವರ ಇದ್ದಿಲು ಎರಡು ಗೋಣಿ ಕೊಂಡೆ. ಅವರು ಸುಡುವ ಗುಂಡಿಯನ್ನೂ ತೋರಿಸಿದರು. ಕೆಂಡದ ಮೇಲೆ ತಗಡು ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ, ಉಸಿರು ಕಟ್ಟಿಸಿ ಆರಿಸುತ್ತಿದ್ದರು. ಒಂದು ಹನಿ ನೀರು ತಾಗಿಸುತ್ತಿರಲಿಲ್ಲ. ಅದು ನನ್ನ ಕಣ್ಣೆದುರೇ ನಡೆಯಿತು. ನಾನು ಗೋಣಿಯ ಬೆಲೆಯಲ್ಲಿ ಎರಡು ಕಾಸು ಇಳಿಸುವ ಗಡಿಬಿಡಿಯಲ್ಲಿದ್ದೆ.

ರೈಲಿನಲ್ಲಿ ತಂದ ಆ ಎರಡು ಗೋಣಿಗೆ ಇಂಜಿನು ಎರಡು ದಿನ ಮದುಮಗನ ಹಾಗೆ ಓಡಿತು. ಮೂರನೆಯ ದಿನ ನಮ್ಮ ಇದ್ದಿಲು ಹಾಕಿದೆ, ನಿಂತಿತು. ಇನ್ನೇನು ಸಾಕ್ಷಿ ಬೇಕು? ಕಲ್ಲಿಕೋಟೆಯ ತೆಂಗಿನ ಗುಣವೇ ಬೇರೆಯೆಂದು ನಾನು ಊರಿಡೀ ಹೇಳಿಕೊಂಡು ಬಂದೆ. ಅಲ್ಲಿನ ಮಣ್ಣು, ಅಲ್ಲಿನ ಗಾಳಿ, ಕಾಯಿಯ ಜಿಡ್ಡು ಎಂದೆಲ್ಲ ಕಾರಣಗಳನ್ನೂ ನಾನೇ ಕಂಡುಹಿಡಿದೆ. ಚಹಾದಂಗಡಿಯಲ್ಲಿ ಇಬ್ಬರು ಅಲ್ಲಿಂದ ಸಸಿ ತರಿಸಿ ನೆಡುವುದೆಂದು ತೀರ್ಮಾನಿಸಿದರು. ಹೆಂಡತಿ ಮಾತ್ರ, ಹಾಗಾದರೆ ಆಟಿಯಲ್ಲಿ ನಮ್ಮ ತೆಂಗಿಗೆ ಈ ರೋಗ ಎಂತಕ್ಕೆ ಇರಲಿಲ್ಲ ಎಂದು ಕೇಳಿದಳು. ಹೆಂಗಸರಿಗೆ ಇಂಜಿನಿನ ವಿಷಯ ತಿಳಿಯುವುದಿಲ್ಲವೆಂದು ಹೇಳಿ ಎದ್ದುಹೋದೆ.

ದಿನವೂ ಕಲ್ಲಿಕೋಟೆಯಿಂದ ಇದ್ದಿಲು ತರಿಸಿದರೆ ಅಕ್ಕಿ ಮಾರಿ ಇದ್ದಿಲು ಕೊಳ್ಳಬೇಕು. ಆದರೆ ಆ ಹೆಸರನ್ನು ಹೇಳಿ ಹೆದರಿಸಿದರೆ ಶಿರಿಯದ ದರವನ್ನಾದರೂ ಇಳಿಸಬಹುದೆಂದು ಹೊಳೆಬದಿಗೆ ಹೋದೆ. ಪತ್ತನಾಜೆಗೆ ಇಪ್ಪತ್ತು ದಿನವೂ ಉಳಿದಿರಲಿಲ್ಲ. ಆ ಹೆಂಗಸು ಗುಂಡಿಯ ಬಳಿ ಗೆರಟೆ ಒಟ್ಟುತ್ತಿದ್ದಳು. ನಾನು ನಿಂತಲ್ಲಿಂದಲೇ ಶುರುಮಾಡಿದೆ. ನಿನ್ನ ಮಸಿ ಯಾವುದಕ್ಕೂ ಬಾರದು, ನನ್ನ ಇಂಜಿನು ಹಾಳಾಯಿತು, ಇನ್ನು ಕಲ್ಲಿಕೋಟೆಯದ್ದೇ ತರಿಸುತ್ತೇನೆ, ನಿನ್ನದು ಬೇಕಾದರೆ ಅರ್ಧ ಕ್ರಯಕ್ಕೆ ಕೊಡು ಎಂದೆಲ್ಲ. ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

"ಮಳೆಗಾಲದಲ್ಲಿ ಕೊಟ್ಟದ್ದೂ ನಾನೇ ಅಲ್ಲವಾ ಧನಿ?" ಎಂದಳು. ನಮ್ಮ ಮಾತು ತುಳುವಿನಲ್ಲಿ. ಅವಳ ದನಿಯ ತಣ್ಣಗಿನ ಕುಟುಕು ಕನ್ನಡಕ್ಕೆ ಪೂರ್ತಿ ಬರುವುದಿಲ್ಲ. "ಬಾವಿ ನೀರು ಬೇಡ, ಹೊಳೆ ನೀರು ಸಾಕು ಅಂತ ಹೇಳಿದ್ದು ನೀವೇ. ಈಗ ಆ ಹೊಳೆಯ ನೀರಲ್ಲಿ ಒಂದು ಹೊತ್ತಿನ ಅನ್ನ ಬೇಯಿಸಿ ಉಂಡು ನೋಡಿ."

ನಾನು ಹೊಳೆಯನ್ನು ನೋಡಿದೆ. ಹುಟ್ಟಿದಾಗಿನಿಂದ ನೋಡುತ್ತಿರುವ ಹೊಳೆ. ಮಳೆಗಾಲದಲ್ಲಿ ಗುಡ್ಡದ ನೀರು ತುಂಬಿ ಸಿಹಿ. ಮಕರ ಕಳೆದರೆ ಹರಿವು ಸೋತು, ಸಮುದ್ರ ಅಳಿವೆಯಿಂದ ಒಳಗೆ ಬಂದು ಉಪ್ಪು. ಇಲ್ಲಿ ದನಕ್ಕೂ ಇದು ಗೊತ್ತು. ಕುಂಭ ತಿಂಗಳ ಮೇಲೆ ಯಾವ ದನವೂ ಆ ಕಡವಿನಲ್ಲಿ ಬಾಯಿ ಹಾಕುವುದಿಲ್ಲ. ಗೋಣಿಯಿಂದ ಒಂದು ತುಂಡು ಇದ್ದಿಲು ತೆಗೆದು ನಾಲಗೆಗೆ ಮುಟ್ಟಿಸಿದೆ. ಉಪ್ಪಿನಕಾಯಿಯ ಭರಣಿಯಿಂದ ತೆಗೆದಂತಿತ್ತು. ಮೂರು ತಿಂಗಳು ನಾನು ಆ ಒಲೆಯಲ್ಲಿ ಸಮುದ್ರವನ್ನು ಕಾಯಿಸಿದ್ದೆ.

"ಗೊತ್ತಿದ್ದೂ ಹೇಳಲಿಲ್ಲ ಯಾಕೆ?" ಎಂದೆ.

"ನೀವು ಕೇಳಿದ್ದು ಕ್ರಯ. ನೀರಿನ ವಿಷಯ ಕೇಳಲಿಲ್ಲ. ನಿಮ್ಮ ಮಿಷನಿಗೆ ಉಪ್ಪು ಆಗ್ತದಾ ಇಲ್ಲವಾ ನನಗೆ ಎಂತ ಗೊತ್ತು?"

ಬಾವಿ ನೀರಿನಲ್ಲಿ ಆರಿಸಿ ಕೊಡಲು ಹೇಳಿದೆ. ಗೋಣಿಗೆ ಎರಡಾಣೆ ಹೆಚ್ಚು ಎಂದಳು. ಮೊದಲು ಒಂದಾಣೆ ಇತ್ತಲ್ಲ ಎಂದೆ. ಆಗ ಬಾವಿ ತುಂಬಿತ್ತು, ಈಗ ತಳ ಕಂಡಿದೆ, ಹಗ್ಗ ಉದ್ದ ಬೇಕು ಎಂದಳು. ಬದುಕಿನಲ್ಲಿ ಮೊದಲ ಸಲ ಚೌಕಾಶಿಯಿಲ್ಲದೆ ತಲೆಯಾಡಿಸಿದೆ. ಅವಳಿಗೇ ಅನುಮಾನ ಬಂದು ಮುಂಗಡ ಕೇಳಿದಳು.

ಬಾವಿ ನೀರಿನ ಇದ್ದಿಲಿಗೆ ಇಂಜಿನು ಎದ್ದು ನಿಂತಿತು. ಬೆಳಗಿನಿಂದ ಕತ್ತಲಾಗುವವರೆಗೆ ಓಡಿಸಿದೆವು. ದಿನಕ್ಕೆ ಇಪ್ಪತ್ತೈದು, ಒಮ್ಮೊಮ್ಮೆ ಮೂವತ್ತು ಮುಡಿ. ಮಾಡು ಮುಟ್ಟಿದ್ದ ರಾಶಿ ಸೊಂಟಕ್ಕೆ, ಮೊಣಕಾಲಿಗೆ ಇಳಿಯಿತು. ಪತ್ತನಾಜೆಯ ಹಿಂದಿನ ದಿನ ಮಧ್ಯಾಹ್ನ, ಇನ್ನು ನಾಲ್ಕು ಮುಡಿಯಷ್ಟು ಭತ್ತ ಉಳಿದಿರುವಾಗ, ಉಪ್ಪು ತಿಂದು ತೂತಾಗಿದ್ದ ವಾಲ್ವೊಂದು ಮುರಿಯಿತು. ಬೇರೆ ವಾಲ್ವು ಕಣ್ಣಾನೂರಿನಿಂದ ಬರಬೇಕು. ಹತ್ತು ತಿಂಗಳ ಶ್ರಮ, ಮೂಲಗೇಣಿಯ ಪತ್ರ, ಎಲ್ಲ ನಾಲ್ಕು ಮುಡಿಯ ಆಚೆ ನಿಂತುಬಿಟ್ಟವು.

ಇದ್ದಿಲು ಇಳಿಸಲು ಬಂದಿದ್ದ ಆ ಹೆಂಗಸು ಮುರಿದ ತುಂಡನ್ನು ನೋಡಿದಳು, ಭತ್ತದ ರಾಶಿಯನ್ನು ನೋಡಿದಳು. ಮಿಲ್ಲು ಬರುವ ಮುಂಚೆ ಅವಳೂ ಅವಳ ಕೇರಿಯವರೂ ಧನಿಗಳ ಮನೆಯ ಭತ್ತ ಕುಟ್ಟುತ್ತಿದ್ದವರು. ಆ ಕೆಲಸ ಹೋದ ಮೇಲೆ ಅವಳಿಗೆ ಉಳಿದದ್ದು ಗೆರಟೆ ಸುಡುವುದೊಂದೇ. ಅದುವರೆಗೆ ನನಗದು ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಕಂಡಿರಲಿಲ್ಲ. ನಾಳೆ ಹೊತ್ತು ಮುಳುಗುವ ಮೊದಲು ಕುಟ್ಟಿ ಕೊಡುತ್ತೇವೆ ಎಂದಳು. ಮುಡಿಗೆ ನಾಲ್ಕು ಸೇರು ಅಕ್ಕಿ, ಹಿಂದಿನ ಕೂಲಿಯ ಎರಡರಷ್ಟು. ಮೇಲಿಂದ ತವುಡೆಲ್ಲ ಅವರಿಗೆ. ನಾನು ಬಾಯಿ ತೆರೆಯುವ ಮೊದಲೇ, ಬೇಡದಿದ್ದರೆ ಕಲ್ಲಿಕೋಟೆಯಿಂದ ಜನ ತರಿಸಿ ಎಂದಳು.

ಮರುದಿನ ಹತ್ತು ಹೆಂಗಸರು ಒನಕೆ ಹಿಡಿದು ಬಂದರು. ಸತ್ತ ಇಂಜಿನಿನ ಮುಂದೆ ಸಾಲಾಗಿ ನಿಂತು ಕುಟ್ಟಿದರು. ಸಂಜೆ ಧನಿಗಳು ಬರುವ ಹೊತ್ತಿಗೆ ಕೊನೆಯ ಮುಡಿಯನ್ನು ಗೇರುತ್ತಿದ್ದರು.

"ಇದೆಂತ ಮಾರಾಯ, ಮಿಲ್ಲಿನೊಳಗೆ ಒನಕೆ?" ಎಂದರು ಧನಿಗಳು.

"ಪತ್ತನಾಜೆಯೊಳಗೆ ಅಕ್ಕಿಯಾಗಬೇಕು ಅಂತ ಧನಿಗಳ ಮಾತು. ಯಾವುದರಲ್ಲಿ ಅಂತ ಅಪ್ಪಣೆ ಆಗಿರಲಿಲ್ಲ."

ಅವರು ಮಿಲ್ಲಿನ ಅಕ್ಕಿಯಿಂದ ನಾಲ್ಕು ಕಾಳು, ಕುಟ್ಟಿದ ಅಕ್ಕಿಯಿಂದ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದರು. ಕುಟ್ಟಿದ್ದನ್ನು ನಮ್ಮ ಅಡಿಗೆ ಮನೆಗೆ ಕಳಿಸು, ಮಿಲ್ಲಿನದ್ದನ್ನು ಮಾರಲಿಕ್ಕೆ ಇಡು ಎಂದರು. ಪತ್ರ ಆ ವಾರದಲ್ಲೇ ಆಯಿತು. ಆ ಶೆಡ್ಡು ಇರುವ ಜಾಗ ಇಂದಿಗೂ ನಮ್ಮದು.

ಯುದ್ಧ ಮುಗಿದು ಕೆಲವು ವರ್ಷದಲ್ಲಿ ಕ್ರೂಡ್ ಎಣ್ಣೆ ಪುನಃ ಸಿಗತೊಡಗಿತು. ನಾನೂ ಎಣ್ಣೆ ಇಂಜಿನು ಹಾಕಿಸಿದೆ, ಗ್ಯಾಸಿನದ್ದನ್ನು ಗುಜರಿಗೆ ಕೊಟ್ಟೆ. ಈಗ ಕಾಸರಗೋಡಿನಲ್ಲೇ ಪೆಟ್ರೋಲ್ ಪಂಪು ಉಂಟು. ಕರೆಂಟಿನ ಮಾತೂ ಎದ್ದಿದೆ. ಮೊನ್ನೆ ಪೇಟೆಯಲ್ಲಿ ಪೇಪರು ಓದುವ ಗೆಳೆಯರೊಬ್ಬರು ಹೇಳಿದರು, ಪರದೇಶದಲ್ಲಿ ಗ್ಯಾಸ್ ಟರ್ಬೈನು ಎಂಬುದೊಂದು ಬಂದಿದೆಯಂತೆ. ಪಿಸ್ಟನ್ನಿಲ್ಲ, ಉರಿಯುವ ಗಾಳಿಯ ಹೊಡೆತಕ್ಕೇ ಚಕ್ರ ತಿರುಗಿ ಊರಿಗೆ ಊರೇ ಬೆಳಗುತ್ತದಂತೆ. ಅಲ್ಲಿ ಹಾಗಿರುವಾಗ ನಮ್ಮವರು ಇನ್ನೂ ಒಲೆ ಊದುತ್ತಿದ್ದಾರೆಂದು ಅವರಿಗೆ ಬಹಳ ನಾಚಿಕೆಯಾಗಿತ್ತು. ಆ ಯಂತ್ರ ಇರುವುದು ಸಮುದ್ರದ ಬದಿಗಾ, ಗುಡ್ಡದ ಮೇಲಾ ಎಂದು ಕೇಳಿದೆ. ಪೇಪರಿನಲ್ಲಿ ಅದನ್ನು ಹಾಕಿಲ್ಲವಂತೆ. ಅದಕ್ಕೆ ಉಣ್ಣಲು ಏನು ಹಾಕುತ್ತಾರೆ, ಅದು ಎಷ್ಟು ಕೈ ದಾಟಿ ಬರುತ್ತದೆ ಎಂದು ಕೇಳಿದೆ. ಅದೂ ಹಾಕಿಲ್ಲ. ಊರು ಬೆಳಗುತ್ತದೆಂದು ಮಾತ್ರ ಹಾಕಿದ್ದಾರೆ.

ಆದುದರಿಂದ ಓದುಗರೇ, ಯಂತ್ರ ಕೊಳ್ಳುವುದಿದ್ದರೆ ಒಂದಿಷ್ಟು ಕೇಳಿಸಿಕೊಳ್ಳಿ. ಬೇರೆ ಊರಿನಲ್ಲಿ ಓಡುವುದನ್ನು ನೋಡಲು ಹೋದಾಗ ಯಂತ್ರದ ಎದುರು ಹೆಚ್ಚು ಹೊತ್ತು ನಿಲ್ಲಬೇಡಿ, ಅದು ಹೇಗೂ ತಿರುಗುತ್ತಿರುತ್ತದೆ. ಹಿತ್ತಲಿಗೆ ಹೋಗಿ ಅದಕ್ಕೆ ಹಾಕುವುದನ್ನು ಎಲ್ಲಿ, ಹೇಗೆ ತಯಾರು ಮಾಡುತ್ತಾರೆ ನೋಡಿ; ಆ ಹೊತ್ತಿಗೆ ಚೌಕಾಶಿ ಬೇಡ, ಕೈ ಕಟ್ಟಿಕೊಂಡು ನಿಲ್ಲಿ. ಮಳೆಗಾಲದಲ್ಲಿ ಕೊಂಡರೆ ಬೇಸಿಗೆಯ ಒಂದು ತಿಂಗಳು ಓಡಿಸಿ ನೋಡುವವರೆಗೆ ಯಾರಿಗೂ ಮಾತು ಕೊಡಬೇಡಿ. ಯಾರಾದರೂ ದರದಲ್ಲಿ ಒಂದಾಣೆ ಹೆಚ್ಚು ಹೇಳಿದರೆ ಕತ್ತರಿಸುವ ಮೊದಲು ಆ ಆಣೆ ಯಾವ ಕೆಲಸಕ್ಕೆಂದು ಕೇಳಿ, ಕೇಳಿದ ಮೇಲೆ ಉತ್ತರವನ್ನೂ ಕೇಳಿ. ವಾಲ್ವು ಯಾವಾಗಲೂ ಎರಡು ಜೊತೆ ಇಟ್ಟುಕೊಳ್ಳಿ. ಇದ್ದಿಲು ಕೊಳ್ಳುವುದೇ ಆದರೆ ಗೋಣಿಯ ಮೇಲಿನದ್ದಲ್ಲ, ತಳದ ತುಂಡೊಂದನ್ನು ನೆಕ್ಕಿ ನೋಡಿ; ನಾಲಗೆ ಕಪ್ಪಾದರೆ ನೀರಿನಲ್ಲಿ ತೊಳೆದುಕೊಳ್ಳಬಹುದು.